ದಸರೆಗೆ ಬಿಡುಗಡೆ ಎಂದಿದ್ದ ಆಟ ಇನ್ನೂ ಮುಗಿದಿಲ್ಲ: ಮುಂದಿನ ಪ್ರಗತಿ ವರದಿಯಲ್ಲಿ ಏನು ಬರೆಯಬೇಕು?

ಹದಿನಾಲ್ಕುಗುಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಾವು ಮೂವರು ಸೇರಿ ಸಣ್ಣದೊಂದು ಮಲ್ಟಿಮೀಡಿಯಾ ಸ್ಟುಡಿಯೊ ನಡೆಸುತ್ತಿದ್ದೇವೆ. ಹೊಟ್ಟೆಪಾಡಿಗೆ ಜಾಹೀರಾತಿನ ಅನಿಮೇಷನ್, ಪಾಠದ ವಿಡಿಯೊ, ಧ್ವನಿ ಸಂಕಲನದಂಥ ಕೆಲಸಗಳನ್ನು ಮಾಡುತ್ತೇವೆ. ಉಳಿದ ಹೊತ್ತಿನಲ್ಲಿ ಅಳಿಗುಳಿ ಮಣೆಯನ್ನು, ಅಂದರೆ ಕರಾವಳಿಯವರು ಚೆನ್ನೆಮಣೆ ಎಂದು ಕರೆಯುವ ಆಟವನ್ನು, ಕಂಪ್ಯೂಟರಿಗೆ ತರುತ್ತಿದ್ದೇವೆ. ಸಾಲಿಗೆ 7ರಂತೆ 14 ಗುಳಿಗಳು, ಗುಳಿಗೆ 4ರಂತೆ 56 ಹುಣಸೆ ಬೀಜಗಳು; ಅವನ್ನು ಗುಳಿಯಿಂದ ಗುಳಿಗೆ ಹಂಚುತ್ತ ಆಡುವುದು. ಹೊರನೋಟಕ್ಕೆ ಆಟ ಇಷ್ಟೇ.

ಮೊದಲ ಎಂಟು ತಿಂಗಳು, ಪ್ರತಿ ತಿಂಗಳ ಮೊದಲ ಭಾನುವಾರ, ತಪ್ಪದೆ ಪ್ರಗತಿ ವರದಿ ಬರೆದೆವು. ನಾಲ್ಕನೆಯ ವರದಿಯಲ್ಲಿ ಉತ್ಸಾಹದ ಭರದಲ್ಲಿ ‘ದಸರೆಗೆ ಆಟ ನಿಮ್ಮ ಕೈಯಲ್ಲಿ’ ಎಂದು ಬರೆದುಬಿಟ್ಟೆವು. ಆಷಾಢದಲ್ಲಿ ಗಿರಾಕಿಯೊಬ್ಬರ ದೊಡ್ಡ ಕೆಲಸ ಬಂದು ನಮ್ಮ ಅನಿಮೇಟರ್ ಪೂರ್ತಿಯಾಗಿ ಅದಕ್ಕೇ ಕೂರಬೇಕಾಯಿತು. ಇತ್ತ ಎದುರಾಳಿಯಾಗಿ ಆಡುವ ಕಂಪ್ಯೂಟರನ್ನು ಪಳಗಿಸುವುದು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಮುಂದಿನ ಏಳೆಂಟು ನಡೆಗಳನ್ನು ಲೆಕ್ಕ ಹಾಕಿ ಗೆಲ್ಲುವುದು ಅದಕ್ಕೆ ನೀರು ಕುಡಿದಷ್ಟು ಸಲೀಸು. ಜಗಲಿಯಲ್ಲಿ ಕುಳಿತು ಮೊಮ್ಮಗಳೊಡನೆ ಆಡುವ ಅಜ್ಜಿಯಂತೆ, ಒಮ್ಮೆ ಸೋತು ಒಮ್ಮೆ ಗೆದ್ದು, ಆಟದ ರುಚಿ ಹತ್ತಿಸುವಂತೆ ಅದನ್ನು ಆಡಿಸುವುದೇ ಕಷ್ಟ.

ದಸರೆ ಮುಗಿಯಿತು, ದೀಪಾವಳಿಯೂ ಮುಗಿಯಿತು. ಮೂರು ತಿಂಗಳಿಂದ ನಾವು ಒಂದಕ್ಷರವನ್ನೂ ಬರೆದಿಲ್ಲ. ‘ಯೋಜನೆಯನ್ನು ಕೈಬಿಟ್ಟಿರಾ?’ ಎಂದು ಓದುಗರು ಕೇಳಲಾರಂಭಿಸಿದ್ದಾರೆ. ಮುಂದಿನ ವರದಿಯಲ್ಲಿ ಹೊಸ ದಿನಾಂಕವನ್ನು ಕೊಡಬೇಕೇ? ತಿಂಗಳಿಗೊಮ್ಮೆ ಬರೆಯುವ ವಾಡಿಕೆಯನ್ನು ಮುಂದುವರಿಸಬೇಕೇ? ಕನ್ನಡದಲ್ಲಿಯೇ ಬರೆದರೆ ಸಾಕೇ? ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೇಬಿಲ್ಡ್ ಉತ್ತರ:

ಮೊದಲನೆಯ ಪ್ರಶ್ನೆಗೆ ನೇರ ಉತ್ತರ: ದಿನಾಂಕ ಕೊಡಬೇಡಿ. ಆಟವನ್ನು ಆರಂಭದಿಂದ ಕೊನೆಯವರೆಗೆ ಹೊರಗಿನವರೊಬ್ಬರು ನಿಮ್ಮ ಸಹಾಯವಿಲ್ಲದೆ ಆಡಿ ಮುಗಿಸುವವರೆಗೂ ದಿನಾಂಕವೆಂಬುದು ಕೇವಲ ಆಸೆ. ಆಸೆಯನ್ನು ವರದಿಯಲ್ಲಿ ಬರೆದ ಕ್ಷಣ ಅದು ಸಾಲವಾಗುತ್ತದೆ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಪುಟದಲ್ಲಿ ಕೂಡ ನಿರ್ದಿಷ್ಟ ದಿನವನ್ನೇ ತೋರಿಸಬೇಕೆಂಬ ನಿಯಮವಿಲ್ಲ, ಬರೀ ವರ್ಷವನ್ನು ನಮೂದಿಸಿದರೂ ನಡೆಯುತ್ತದೆ.

ಆದರೆ ದಿನಾಂಕ ಕೊಡದಿರುವುದಕ್ಕೂ ಬಾಯಿ ಮುಚ್ಚಿಕೊಂಡಿರುವುದಕ್ಕೂ ಅಂತರವಿದೆ. ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ತಂಡದವರು ‘ಫ್ಯಾಕ್ಟೋರಿಯೊ’ ಎಂಬ, ಕಾರ್ಖಾನೆ ಕಟ್ಟಿ ಆಡುವ ಆಟವನ್ನು ಕಟ್ಟುತ್ತಿದ್ದಾಗ, 2013ರಿಂದ ಹೆಚ್ಚುಕಡಿಮೆ ಪ್ರತಿ ಶುಕ್ರವಾರ ಒಂದು ಟಿಪ್ಪಣಿ ಪ್ರಕಟಿಸುತ್ತಿದ್ದರು. ‘ಅದ್ಭುತವಾದದ್ದು ಬರುತ್ತಿದೆ, ಕಾಯಿರಿ’ ಎಂಬ ಡಂಗುರ ಅದರಲ್ಲಿ ಇರುತ್ತಿದ್ದದ್ದು ಕಡಿಮೆ. ರೈಲು ತನ್ನ ದಾರಿಯನ್ನು ಹೇಗೆ ಹುಡುಕುತ್ತದೆ, ಸರಕು ಸಾಗಿಸುವ ಬೆಲ್ಟಿನ ಲೆಕ್ಕಾಚಾರವನ್ನು ಹೇಗೆ ಹಗುರಗೊಳಿಸಿದೆವು ಎಂಬಂಥ ಕೆಲಸದ ಮಾತೇ ಹೆಚ್ಚಾಗಿರುತ್ತಿತ್ತು. ಪೂರ್ಣ ರೂಪವಾದ 1.0 ಆವೃತ್ತಿ ಹೊರಬಂದದ್ದು 2020ರ ಆಗಸ್ಟ್ 14ರಂದು. ಮೊದಲು ಸೆಪ್ಟೆಂಬರ್ 25 ಎಂದು ಘೋಷಿಸಿದ್ದವರು, ದೊಡ್ಡ ಕಂಪನಿಯೊಂದರ ಆಟ ಅದೇ ತಿಂಗಳು ಬರಲಿದೆ ಎಂದು ತಿಳಿದು ತಮ್ಮ ದಿನವನ್ನು ಹಿಂದಕ್ಕೆ ತಂದುಕೊಂಡರು. ಮುಂದೂಡುವವರನ್ನೇ ಕಂಡ ನಮಗೆ ಇದು ಪವಾಡದಂತೆ ಕಾಣುತ್ತದೆ, ಆದರೆ ದಿನಾಂಕ ಹೇಳುವ ಹೊತ್ತಿಗೆ ಅವರ ಕೆಲಸ ಬಹುಪಾಲು ಮುಗಿದಿತ್ತು, ಅಷ್ಟೇ.

ಇದಕ್ಕೆ ವ್ಯತಿರಿಕ್ತವಾದದ್ದು ಗಿಲ್ಡ್‌ಫರ್ಡ್‌ನ ಹಲೋ ಗೇಮ್ಸ್ ತಂಡದ ‘ನೋ ಮ್ಯಾನ್ಸ್ ಸ್ಕೈ’. 2013ರಲ್ಲಿ ಘೋಷಿತವಾದ ಆ ಆಟ 2016ರ ಆಗಸ್ಟ್‌ನಲ್ಲಿ ಬಂದಾಗ, ಸಂದರ್ಶನಗಳಲ್ಲಿ ತಂಡ ಹೇಳಿದ್ದ ಎಷ್ಟೋ ಸಂಗತಿಗಳು ಅದರಲ್ಲಿ ಇಲ್ಲವೆಂದು ಆಟಗಾರರು ರೊಚ್ಚಿಗೆದ್ದರು. ತಂಡ ಮೌನಕ್ಕೆ ಶರಣಾಯಿತು, ನವೆಂಬರ್ ಕೊನೆಯಲ್ಲಿ ಮೊದಲ ದೊಡ್ಡ ಅಪ್‌ಡೇಟಿನೊಂದಿಗೇ ಮತ್ತೆ ಮಾತನಾಡಿತು, ಅಂದಿನಿಂದ ‘ಮುಗಿದ ಮೇಲೆಯೇ ಹೇಳುವುದು’ ಎಂಬ ಕ್ರಮವನ್ನು ಬಹುಮಟ್ಟಿಗೆ ಪಾಲಿಸಿಕೊಂಡು ಬಂದಿದೆ. ನೀವು ಕಲಿಯಬೇಕಾದದ್ದು ಆ ಮೌನದಿಂದಲ್ಲ, ಅದಕ್ಕೆ ಕಾರಣವಾದ ಹಳೆಯ ಮಾತುಗಳಿಂದ.

ನಿಮ್ಮ ವರದಿಯ ಮೊದಲ ಸಾಲಿನಲ್ಲಿಯೇ ‘ದಸರೆಗೆ ಎಂದಿದ್ದೆವು, ಆಗಲಿಲ್ಲ’ ಎಂದು ಬರೆಯಿರಿ. ನಾಲ್ಕು ಪ್ಯಾರಾ ದಾಟಿದ ಮೇಲೆ ಹೇಳಿದರೆ ಓದುಗರಿಗೆ ಅದು ಮುಚ್ಚಿಟ್ಟಂತೆಯೇ ಕಾಣುತ್ತದೆ.

ತಂಬೂರಿತಂತಿ ಉತ್ತರ:

ಮೇಲಿನವರ ಮಾತನ್ನು ಬಹುತೇಕ ಒಪ್ಪುತ್ತೇನೆ, ಆದರೆ ವೂಬೆಯವರ ಉದಾಹರಣೆ ಮೂರು ಜನರ ತಂಡಕ್ಕೆ ಹೊಂದುವುದಿಲ್ಲ. ನಾನು ಧ್ವನಿ ವಿನ್ಯಾಸ ಮಾಡುವವನು. ಹಿಂದೆ ಇದ್ದ ಒಂದು ತಂಡದಲ್ಲಿ ವಾರಕ್ಕೊಂದು ವರದಿ ಎಂದು ಕಟ್ಟಳೆ ಮಾಡಿಕೊಂಡೆವು. ಗುರುವಾರ ಪೂರ್ತಿ ವರದಿಗೆ ಚಿತ್ರ ತೆಗೆಯುವುದು, ಬುಧವಾರ ಆ ಚಿತ್ರ ಚೆನ್ನಾಗಿ ಕಾಣಲೆಂದು ಆಟದ ಆ ಭಾಗವನ್ನಷ್ಟೇ ಸಿಂಗರಿಸುವುದು, ಹೀಗೆ ವಾರದಲ್ಲಿ ಎರಡು ದಿನ ಹೋಗುತ್ತಿತ್ತು. ಮದುವೆ ಮನೆಯಲ್ಲಿ ಅಡುಗೆ ಬಿಟ್ಟು ರಂಗೋಲಿ ಹಾಕುತ್ತ ಕುಳಿತಂತಾಗಿತ್ತು ನಮ್ಮ ಸ್ಥಿತಿ.

ಇನ್ನೊಂದು ತುದಿಯ ಉದಾಹರಣೆಯನ್ನೂ ನೋಡಿ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಬೆರಳೆಣಿಕೆಯ ಜನರ ತಂಡ ‘ಸಿಲ್ಕ್‌ಸಾಂಗ್’ ಆಟವನ್ನು 2019ರ ಫೆಬ್ರುವರಿಯಲ್ಲಿ ಘೋಷಿಸಿ, 2025ರ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು. ನಡುವಿನ ಆರು ವರ್ಷಗಳಲ್ಲಿ ಅವರಿಂದ ಬಂದ ಸುದ್ದಿ ಬಹಳ ವಿರಳ. ‘ಇನ್ನೂ ಮಾಡುತ್ತಿದ್ದೇವೆ’ ಎಂದಷ್ಟೇ ಮತ್ತೆ ಮತ್ತೆ ಹೇಳಿದರೆ ಜನರಿಗೆ ಬೇಸರವಾದೀತು ಎಂಬುದು ಅವರ ಎಣಿಕೆಯಾಗಿತ್ತು. ಬಿಡುಗಡೆಯ ದಿನ ಸ್ಟೀಮ್ ಸೇರಿದಂತೆ ಆನ್‌ಲೈನ್ ಅಂಗಡಿಗಳೇ ನೂಕುನುಗ್ಗಲು ತಾಳಲಾರದೆ ತಡವರಿಸಿದವು. ಆದರೆ ಅವರ ಬೆನ್ನಿಗೆ 2017ರ ‘ಹಾಲೋ ನೈಟ್’ ಎಂಬ ಜನಪ್ರಿಯ ಆಟ ಇತ್ತು. ನಮ್ಮ ಬೆನ್ನಿಗೆ ಏನೂ ಇಲ್ಲ. ನಾವು ಮೌನವಾದರೆ ಜನ ಕಾಯುವುದಿಲ್ಲ, ಮರೆಯುತ್ತಾರೆ.

ಆದ್ದರಿಂದ ನನ್ನ ಸಲಹೆ ಎರಡು ತಿಂಗಳಿಗೊಂದು ವರದಿ, ಅದರಲ್ಲಿ ಒಂದೇ ಒಂದು ಸಂಗತಿ. ನಿಮ್ಮ ಆಟದಲ್ಲಿ ಎಂಥ ಸಾಮಗ್ರಿ ಇದೆ ನೋಡಿ! ಒಣಗಿದ ಹುಣಸೆ ಬೀಜ ಖಾಲಿ ಗುಳಿಗೆ ಬಿದ್ದಾಗ ಬರುವ ಟಕ್ಕೆಂಬ ಸದ್ದೇ ಬೇರೆ, ಆಗಲೇ ಆರು ಬೀಜಗಳಿರುವ ಗುಳಿಗೆ ಬಿದ್ದಾಗಿನ ಕಿರುಗುಟ್ಟುವ ಸದ್ದೇ ಬೇರೆ. ಹಲಸಿನ ಮರದ ಮಣೆಯೊಂದನ್ನು ಬಟ್ಟೆಯ ಮೇಲಿಟ್ಟು, ಮೈಕನ್ನು ಒಂದು ಗೇಣು ದೂರದಲ್ಲಿರಿಸಿ, ಎರಡನ್ನೂ ಧ್ವನಿಮುದ್ರಿಸಿ ಹದಿನೈದು ಸೆಕೆಂಡಿನ ತುಣುಕಾಗಿ ಹಾಕಿದರೆ, ಎರಡು ಪುಟದ ಬರಹಕ್ಕಿಂತ ಅದೇ ಹೆಚ್ಚು ಮಾತನಾಡುತ್ತದೆ.

ಒಂದು ಎಚ್ಚರಿಕೆ ಕೂಡ ಇರಲಿ. ಆಟವನ್ನು ವಿಶ್‌ಲಿಸ್ಟಿಗೆ, ಅಂದರೆ ಮುಂದೆ ಕೊಳ್ಳಬೇಕೆಂದಿರುವ ಆಟಗಳ ಪಟ್ಟಿಗೆ, ಸೇರಿಸಿಕೊಂಡವರಿಗೆ ಸ್ಟೀಮ್ ತಾನಾಗಿ ಮಿಂಚಂಚೆ ಕಳುಹಿಸುವುದು ಮುಖ್ಯವಾಗಿ ಆಟ ಬಿಡುಗಡೆಯಾದಾಗ ಮತ್ತು ಶೇ 20 ಅಥವಾ ಹೆಚ್ಚಿನ ರಿಯಾಯಿತಿ ಇದ್ದಾಗ. ಅಲ್ಲಿ ವರದಿ ಹಾಕಿದ ಮಾತ್ರಕ್ಕೆ ಎಲ್ಲರಿಗೂ ತಲುಪಿತೆಂದು ತಿಳಿಯಬೇಡಿ. ಓದುಗರ ಮಿಂಚಂಚೆ ಪಟ್ಟಿಯೊಂದನ್ನು ನೀವೇ ಇಟ್ಟುಕೊಳ್ಳುವುದು ಒಳಿತು. ಬರಲಿರುವ ಆಟಗಳ ಡೆಮೊಗಳನ್ನು, ಅಂದರೆ ಆಡಿ ನೋಡುವ ಮಾದರಿಗಳನ್ನು, ತೋರಿಸುವ ಸ್ಟೀಮ್‌ನ ‘ನೆಕ್ಸ್ಟ್ ಫೆಸ್ಟ್’ನಲ್ಲಿ ಒಂದು ಆಟ ಪಾಲ್ಗೊಳ್ಳಲು ಸಿಗುವುದು ಒಂದೇ ಅವಕಾಶ. ದಸರೆ ತಪ್ಪಿತೆಂಬ ಅಳುಕಿನಲ್ಲಿ ಅರೆಬೆಂದ ಡೆಮೊವನ್ನು ಅಲ್ಲಿಗೆ ಒಯ್ಯಬೇಡಿ.

ಅರ್ಕಾವತ್ತು ಉತ್ತರ:

ಭಾಷೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ವರದಿಯನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆದು, ಕೆಳಗೆ ನಾಲ್ಕು ಸಾಲಿನ ಇಂಗ್ಲಿಷ್ ಸಾರಾಂಶ ಕೊಡಿ. ಅಳಿಗುಳಿ ಮಣೆಯನ್ನು ಆಡಿ ಬೆಳೆದವರು, ಅದರ ಮನೆಮನೆಯ ನಿಯಮಗಳನ್ನು ಬಲ್ಲವರು ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿದ್ದಾರೆ. ನಿಮ್ಮ ತಪ್ಪನ್ನು ತಿದ್ದಬಲ್ಲವರೂ ಅವರೇ.

ಆಟದೊಳಗಿನ ಕನ್ನಡವನ್ನು ಈಗಲೇ ಪರೀಕ್ಷಿಸಿ. ನನ್ನ ಯೋಜನೆಯೊಂದರಲ್ಲಿ ಬಿಡುಗಡೆಗೆ ಮೂರು ವಾರವಿದ್ದಾಗ ‘ಶಕ್ತಿ’ ಎಂಬ ಪದ ಪರದೆಯ ಮೇಲೆ ಮುರಿದು ಬಿದ್ದದ್ದು ಕಣ್ಣಿಗೆ ಬಿತ್ತು. ಕಂಪ್ಯೂಟರ್ ಅಕ್ಷರಗಳನ್ನು ದಾಖಲಿಸುವ ಯೂನಿಕೋಡ್ ಸಂಕೇತದಲ್ಲಿ ಆ ಪದ ಶ, ಕ, ವಿರಾಮ (್ ಚಿಹ್ನೆ), ತ, ಇಕಾರದ ಚಿಹ್ನೆ ಎಂಬ ಕ್ರಮದಲ್ಲಿರುತ್ತದೆ. ಪರದೆಯ ಮೇಲೆ ಮಾತ್ರ ಗುಡಿಸು ಕಕಾರದ ತಲೆಗೇರಿ, ತಕಾರ ಒತ್ತಾಗಿ ಕೆಳಗಿಳಿಯಬೇಕು. ‘ಸೂರ್ಯ’ದಲ್ಲಂತೂ ಮೊದಲು ಟೈಪ್ ಮಾಡಿದ ರಕಾರ ಯಕಾರದ ನಂತರ ಅರ್ಕಾವತ್ತಾಗಿ ಬರಬೇಕು. ಈ ಜೋಡಣೆಯನ್ನು ಮಾಡುವ ವ್ಯವಸ್ಥೆ ಎಂಜಿನ್‌ನಲ್ಲಿ, ಅಂದರೆ ಆಟ ಕಟ್ಟಲು ಬಳಸುವ ತಂತ್ರಾಂಶದಲ್ಲಿ, ಇಲ್ಲದಿದ್ದರೆ ಎಷ್ಟು ಒಳ್ಳೆಯ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ಗೊಡೊ ಎಂಬ ಎಂಜಿನ್‌ನ 4.0 ಆವೃತ್ತಿಯಿಂದ ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಬಳಕೆಯಾಗುತ್ತಿದೆ. ಫಾಂಟ್‌ಗಳ ಪೈಕಿ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ.

ನಾವು ಆ ಮುರಿದ ‘ಶಕ್ತಿ’ಯ ಚಿತ್ರವನ್ನು ಮುಚ್ಚಿಡದೆ ವರದಿಯಲ್ಲಿಯೇ ಹಾಕಿದ್ದೆವು. ಅಂದು ರಾತ್ರಿಯೇ ಅಪರಿಚಿತ ಓದುಗರೊಬ್ಬರು ದೋಷ ಎಲ್ಲಿದೆಯೆಂದು ಬರೆದು ಕಳುಹಿಸಿದರು. ಚೆಂದದ ಚಿತ್ರ ಹಾಕಿದ್ದಾಗ ಅವರಿಂದ ನಮಗೆ ಒಂದು ಸಾಲೂ ಬಂದಿರಲಿಲ್ಲ.

ಹದಿನಾಲ್ಕುಗುಳಿ ಮತ್ತೆ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕುಳಿತು ಬರೆದ ವರದಿಯ ಆರಂಭ ಹೀಗಿದೆ, ದಯವಿಟ್ಟು ನೋಡಿ:

‘ದಸರೆಗೆ ಆಟ ಕೊಡುತ್ತೇವೆ ಎಂದಿದ್ದೆವು, ಕೊಡಲಾಗಲಿಲ್ಲ. ಹೊಟ್ಟೆಪಾಡಿನ ಕೆಲಸಕ್ಕೆ ಮೂರು ತಿಂಗಳು ಹೋಯಿತು. ಈಗ ಇಬ್ಬರು ಎದುರುಬದುರಾಗಿ ಆಡುವ ಭಾಗ ಪೂರ್ತಿ ನಡೆಯುತ್ತಿದೆ; ಕಂಪ್ಯೂಟರ್ ಎದುರಾಳಿ ಇನ್ನೂ ಕರುಣೆಯಿಲ್ಲದೆ ಗೆಲ್ಲುತ್ತಿದೆ. ಅದನ್ನು ಪಳಗಿಸಿ ಶೀಘ್ರದಲ್ಲೇ ಬಿಡುಗಡೆಯ ಸುದ್ದಿಯೊಂದಿಗೆ ಬರುತ್ತೇವೆ.’

ಹಳೇಬಿಲ್ಡ್ ಉತ್ತರ:

ಚೆನ್ನಾಗಿದೆ. ‘ಶೀಘ್ರದಲ್ಲೇ’ ಎಂಬುದನ್ನು ಅಳಿಸಿಬಿಡಿ, ಅದು ಕೂಡ ದಿನಾಂಕವೇ. ಬದಲಿಗೆ ಮುಂದಿನ ವರದಿಯಲ್ಲಿ ಏನನ್ನು ತೋರಿಸುತ್ತೀರಿ ಎಂದು ಬರೆಯಿರಿ.

ಹದಿನಾಲ್ಕುಗುಳಿ ಮತ್ತೆ ಬರೆದದ್ದು:

ಅಳಿಸಿ, ಬೀಜದ ಸದ್ದಿನ ತುಣುಕಿನೊಂದಿಗೆ ಭಾನುವಾರ ಬೆಳಿಗ್ಗೆ ಪ್ರಕಟಿಸಿದೆವು. ತಡವಾದದ್ದಕ್ಕೆ ಬೈಗುಳ ಬರಬಹುದೆಂದು ಮೂವರೂ ಫೋನ್ ಹಿಡಿದು ಕುಳಿತಿದ್ದೆವು. ಮೊದಲು ಬಂದ ಪ್ರತಿಕ್ರಿಯೆ ಸಾಗರದ ಕಡೆಯ ಹಿರಿಯರೊಬ್ಬರದು: ‘ನಮ್ಮ ಮನೆಯಲ್ಲಿ ಬೀಜ ಹಂಚುತ್ತಿದ್ದುದು ನೀವು ತೋರಿಸಿದ ದಿಕ್ಕಿನಲ್ಲಿ ಅಲ್ಲ. ಎರಡೂ ಬಗೆಯನ್ನು ಇಡುತ್ತೀರೋ ಹೇಗೆ?’ ಅವರಿಗೆ ಏನು ಉತ್ತರಿಸುವುದೆಂದು ಚರ್ಚೆ ನಡೆದಿದೆ. ಇಟ್ಟರೆ ಎದುರಾಳಿಯ ಲೆಕ್ಕಾಚಾರವನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.