ಬಟ್ಟೆ ಡ್ರೈಯರಿನ ‘ಲಿಂಟ್’ಗೆ ‘ಹೊಟ್ಟು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಬಟ್ಟೆ ಒಣಗಿಸುವ ಮಿಷನ್ನಿನ ಕೆಲವು ಪದಗಳ ಬಗ್ಗೆ, ಮುಖ್ಯವಾಗಿ ಬಟ್ಟೆಯಿಂದ ಉದುರಿ ಅದರ ಫಿಲ್ಟರಿನಲ್ಲಿ ಕೂರುವ ಎಳೆಗಳ ಕಸ ‘ಲಿಂಟ್’ ಬಗ್ಗೆ, ನಿಮ್ಮ ಅಭಿಪ್ರಾಯ ಬೇಕು. ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು ಈಗ ಈ ಮಿಷನ್ ತರಿಸುತ್ತಿದ್ದಾರೆ. ಮಳೆ ಹಿಡಿದರೆ ಬೆಡ್‌ಶೀಟು, ಟವೆಲು ಹೊರಗೆ ಹರವುವ ಮಾತೇ ಇಲ್ಲ. ಮನೆಯವರ ಬಟ್ಟೆಯಾದರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಆರಿಸಬಹುದು. ಬಂದ ನೆಂಟರಿಗೆ ಹೊಗೆ ವಾಸನೆಯ ಶೀಟು ಹಾಸಲಾಗುವುದಿಲ್ಲ, ಅಲ್ವಾ? ಮಿಷನ್ ನಡೆಸುವವರು ಹೆಚ್ಚಾಗಿ ಅಲ್ಲಿ ಕೆಲಸಕ್ಕೆ ಬರುವ ಹೆಂಗಸರು. ಜೊತೆಗೆ ಬರುವ ಪುಸ್ತಕ ಇಂಗ್ಲಿಷಿನದು. ಅದಕ್ಕೇ ಮಿಷನ್ ಪಕ್ಕದ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ವಿಷಯ ಒಂದೇ. ಮಿಷನ್ ಬಿಸಿಯಾಗುತ್ತದೆ, ಬಟ್ಟೆ ಮಾತ್ರ ಆರುವುದಿಲ್ಲ. ಆಗ ಎಲ್ಲೆಲ್ಲಿ ನೋಡಬೇಕು?

ಮೊದಲ ತೊಡಕು ಮಿಷನ್ನಿನ ಹೆಸರಿನದೇ. ತೋಟದವರಿಗೆ ಡ್ರೈಯರ್ ಅಂದರೆ ಕಾಫಿ ಒಣಗಿಸುವ ಡ್ರೈಯರ್. ಊರ ಮನೆಗಳಲ್ಲಿ ಡ್ರೈಯರ್ ಅಂದರೆ ಎರಡು ತೊಟ್ಟಿಯ ವಾಷಿಂಗ್ ಮಿಷನ್ನಿನಲ್ಲಿ ನೀರು ಹಿಂಡುವ ಚಿಕ್ಕ ತೊಟ್ಟಿ. ‘ಡ್ರೈಯರ್ ಕೆಟ್ಟಿದೆ’ ಎಂದು ಫೋನ್ ಮಾಡಿದರೆ ರಿಪೇರಿಯವರು ಆ ತೊಟ್ಟಿಯೇ ಇರಬೇಕು ಅಂದುಕೊಳ್ಳುತ್ತಾರೆ. ಹಾಳೆಯಲ್ಲಿ ‘ಬಿಸಿಗಾಳಿ ಡ್ರೈಯರ್’ ಎಂದು ಬರೆದಿದ್ದೇನೆ. ಗಾಳಿ ಅನ್ನುವ ಮಾತು ಹೆಸರಿನಲ್ಲೇ ಇರಲಿ ಅನ್ನುವುದು ನನ್ನ ಆಸೆ. ಯಾಕೆಂದರೆ ಕೆಲಸ ಮಾಡುವುದು ಬರೀ ಬಿಸಿಯಲ್ಲ. ಸಾವಿರ ಸುತ್ತಿನ ಸ್ಪಿನ್ ಆದ ಮೇಲೂ 5 ಕೆಜಿ ಹತ್ತಿ ಬಟ್ಟೆಯಲ್ಲಿ ಮೂರು ಲೀಟರ್ ಹತ್ತಿರ ನೀರು ಉಳಿದಿರುತ್ತದೆ. ಬಿಸಿ ಆ ನೀರನ್ನು ಆವಿ ಮಾಡುತ್ತದೆ. ಆವಿಯನ್ನು ಹೊತ್ತು ಹೊರಗೆ ಹಾಕುವುದು ಗಾಳಿ. ಗಾಳಿ ಓಡದಿದ್ದರೆ ಡ್ರಮ್ಮಿನ ಒಳಗೆ ಬಿಸಿ ಹಬೆ ತುಂಬಿಕೊಂಡು ಬಟ್ಟೆ ಒದ್ದೆಯಾಗಿಯೇ ಬೇಯುತ್ತದೆ.

ಇದನ್ನು ಹೇಳಲು ‘ಒಣಗು’ ಅನ್ನುವುದಕ್ಕಿಂತ ‘ಆರು’ ಒಳ್ಳೆಯದು ಅನ್ನಿಸುತ್ತದೆ. ಬಟ್ಟೆ ಆರುತ್ತದೆ, ಅನ್ನ ಆರುತ್ತದೆ, ಬೆವರು ಆರುತ್ತದೆ. ಎಲ್ಲವೂ ಗಾಳಿಗೆ ಬಿಟ್ಟರೆ ಆಗುವ ಕೆಲಸ. ಬಾಯಿ ಒಣಗಲು, ಕೆರೆ ಒಣಗಲು ಗಾಳಿಯ ನೆನಪು ಬೇಕಿಲ್ಲ. ‘ಗಾಳಿ ಇಲ್ಲದಿದ್ದರೆ ಬಟ್ಟೆ ಆರುವುದಿಲ್ಲ’ ಎಂದು ಬರೆದರೆ ಓದಿದವರಿಗೆ ಕಾರಣವೂ ಸಿಕ್ಕಿಬಿಡುತ್ತದೆ.

ಇನ್ನು ಮುಖ್ಯ ಪ್ರಶ್ನೆ, ಲಿಂಟ್. ಬಟ್ಟೆಗಳು ಡ್ರಮ್ಮಿನಲ್ಲಿ ಉರುಳುವಾಗ ಉಜ್ಜಿ ಉಜ್ಜಿ ಸಣ್ಣ ಎಳೆಗಳು ಉದುರುತ್ತವೆ. ಕೂದಲು, ನಾಯಿ ಬೆಕ್ಕಿನ ರೋಮವೂ ಅದರೊಂದಿಗೆ ಸೇರುತ್ತವೆ. ಎಲ್ಲ ಫಿಲ್ಟರಿಗೆ ಬಂದು ಮೆತ್ತಗಿನ ಪದರವಾಗಿ ಕೂರುತ್ತವೆ. ಗಾಳಿ ತಡೆಯುವ ಮೊದಲ ಆರೋಪಿ ಇದೇ. ಪ್ರತಿ ಸಲ ಬಟ್ಟೆ ತೆಗೆದ ಕೂಡಲೇ ಇದನ್ನು ಬಿಡಿಸಿ ತೆಗೆಯಬೇಕು. ಆದರೆ ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಹತ್ತಿ ವ್ಯಾಪಾರದಲ್ಲಿ ಲಿಂಟ್ ಅಂದರೆ ಅರಳೆ. ಅದು ಬೀಜ ತೆಗೆದ ಒಳ್ಳೆಯ ಹತ್ತಿ, ಮಾರುವ ಸರಕು. ಇಲ್ಲಿ ಎಸೆಯುವ ಕಸಕ್ಕೆ ಆ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಅರಸೀಕೆರೆ ಕಡೆಯವರೊಬ್ಬರು ‘ಜುಂಗು’ ಅನ್ನಿ ಎಂದರು. ಜುಂಗು ಅಂದರೆ ತೆಂಗಿನಕಾಯಿಯ ಒರಟು ನಾರು ಕಣ್ಣಿಗೆ ಬರುತ್ತದೆ. ‘ತುಪ್ಪಳ’ ಮೆತ್ತಗಿದೆ ನಿಜ, ಆದರೆ ಅದು ಹಕ್ಕಿ, ಮೊಲದ ಮೈಮೇಲೆ ಇರುವಂಥದ್ದು. ರಿಪೇರಿಯವರು ‘ಡಸ್ಟ್’ ಅನ್ನುತ್ತಾರೆ. ಅದನ್ನು ‘ಧೂಳು’ ಮಾಡಿದರೆ ಮಾತ್ರ ಅಪಾಯ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಧೂಳು ಹೊರಗಿನಿಂದ ಬಂದು ಕೂರುತ್ತದೆ. ‘ಧೂಳು ತೆಗೆಯಿರಿ’ ಎಂದು ಬರೆದರೆ ಜನ ಮಿಷನ್ನಿನ ಮೈ ಒರೆಸಿ ಸುಮ್ನೆ ಆಗುತ್ತಾರೆ. ತಪ್ಪು ಅವರದ್ದಲ್ಲ, ಪದದ್ದು.

ನನಗೆ ಸರಿ ಕಾಣುವುದು ‘ಹೊಟ್ಟು’. ಭತ್ತದ ಹೊಟ್ಟು, ಕಡಲೆ ಹೊಟ್ಟು, ತಲೆ ಹೊಟ್ಟು ಎಲ್ಲರಿಗೂ ಗೊತ್ತು. ಮೂರೂ ಆಯಾ ವಸ್ತುವಿನಿಂದಲೇ ಬೇರೆಯಾಗಿ ಉದುರಿದ ಹಗುರ ಕಸ. ‘ಬಟ್ಟೆ ಹೊಟ್ಟು’ ಅಂದರೆ ಇದು ಬಟ್ಟೆಯಿಂದಲೇ ಬರುತ್ತದೆ, ಪ್ರತಿ ಸಲವೂ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹೊಟ್ಟು ಉರಿಯುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಲಿಂಟ್ ಕೂಡ ಹಾಗೆಯೇ, ಕಿಡಿ ತಗುಲಿದರೆ ಸಾಕು. ಅಮೆರಿಕದ ಸರ್ಕಾರಿ ಅಗ್ನಿಶಾಮಕ ಆಡಳಿತದ ಅಂದಾಜಿನಂತೆ 2008ರಿಂದ 2010ರವರೆಗೆ ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣ ನಡೆದಿವೆ. ಕಾರಣಗಳಲ್ಲಿ ಮೊದಲನೆಯದು ಕ್ಲೀನ್ ಮಾಡದೆ ಬಿಟ್ಟದ್ದು. ‘ಧೂಳಿಗೆ ಬೆಂಕಿ ಹತ್ತುತ್ತದೆ’ ಅಂದರೆ ನಂಬುವುದು ಕಷ್ಟ. ‘ಹೊಟ್ಟಿಗೆ ಬೆಂಕಿ ಹತ್ತುತ್ತದೆ’ ಅಂದರೆ ವಾದವೇ ಇಲ್ಲ.

ಒಂದು ಆಕ್ಷೇಪ ಬರಬಹುದು. ಹೊಟ್ಟು ಚೂರು ಚೂರಾಗಿರುತ್ತದೆ, ಇದು ಎಳೆ ಎಳೆಯಾಗಿ ಹೆಣೆದುಕೊಂಡಿರುತ್ತದೆ. ಅದು ನಿಜ. ‘ನೂಲು ಹೊಟ್ಟು’ ಅಂದರೆ ಈ ಕೊರತೆ ತುಂಬುತ್ತದೆಯೇ? ನೇಕಾರಿಕೆ ಬಲ್ಲವರು ದಯವಿಟ್ಟು ಹೇಳಿ. ಮಗ್ಗದ ಕೆಳಗೆ ಉದುರುವ ನೂಲಿನ ಕಸಕ್ಕೆ ನಿಮ್ಮಲ್ಲಿ ಹೆಸರಿದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.

ಫಿಲ್ಟರನ್ನು ಜಾಲರಿ, ಸೋಸುಕ ಎಂದೆಲ್ಲ ಮಾಡುವುದು ಬೇಡ. ಕುಡಿಯುವ ನೀರಿನಿಂದ ಬೈಕಿನವರೆಗೆ ಫಿಲ್ಟರ್ ಎಲ್ಲರ ಬಾಯಲ್ಲಿದೆ. ಅದರ ಬಗ್ಗೆ ಹಾಳೆಯಲ್ಲಿ ಇನ್ನೊಂದು ವಿಷಯ ಸೇರಿಸಿದ್ದೇನೆ. ಬಟ್ಟೆ ಮೆದುವಾಗಲು, ಘಮಘಮ ಅನ್ನಲು ಹಾಕುವ ಕಂಡೀಷನರ್ ಫಿಲ್ಟರಿನ ಸಣ್ಣ ತೂತುಗಳಿಗೆ ಕಾಣದ ಹಾಗೆ ಅಂಟಿಕೊಳ್ಳುತ್ತದೆ. ಹೊಟ್ಟು ತೆಗೆದ ಮೇಲೂ ಗಾಳಿ ಹೋಗುವುದಿಲ್ಲ. ಫಿಲ್ಟರ್ ಮೇಲೆ ಒಂದಿಷ್ಟು ನೀರು ಹಾಕಿ ನೋಡಬೇಕು. ನೀರು ಸೋರದೆ ನಿಂತರೆ ಸೋಪು ಹಾಕಿ, ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಆರಿಸಿ ಹಾಕಬೇಕು.

‘ಗಾಳಿ ತಡೆ’ ಹೇಳಲು ಯಾವ ಕ್ರಿಯಾಪದ ಅನ್ನುವುದು ಎರಡನೆಯ ಪ್ರಶ್ನೆ. ‘ಏರ್ ಹಿಡಿದಿದೆ’ ಅಂತೂ ಬೇಡ. ಪಂಪ್‌ಸೆಟ್ ಇರುವವರಿಗೆ ಅದರ ಅರ್ಥ ತಿರುಗುಮುರುಗು, ಬೇಡದ ಗಾಳಿ ಪೈಪಿನೊಳಗೆ ಸೇರಿಕೊಂಡಿದೆ ಎಂದು. ‘ಗಾಳಿ ಕಟ್ಟಿದೆ’ ಅಂದರೂ ಇದೇ ಗೊಂದಲ. ಆದರೆ ‘ಕಟ್ಟು’ ಅನ್ನುವ ಮಾತನ್ನೇ ಜಾಗಕ್ಕೆ ಸೇರಿಸಿದರೆ ಸಲೀಸು. ಮೂಗು ಕಟ್ಟಿದೆ, ಮೋರಿ ಕಟ್ಟಿಕೊಂಡಿದೆ ಅನ್ನುತ್ತೇವೆ. ಹಾಗೆಯೇ ‘ಫಿಲ್ಟರ್ ಕಟ್ಟಿದೆ’, ‘ಪೈಪು ಕಟ್ಟಿದೆ’. ಎಲ್ಲಿ ಅಂತಲೂ ಹೇಳಿದಂತಾಯಿತು.

‘ಎಲ್ಲಿ’ ಎಂದು ಹೇಳುವುದು ಇಲ್ಲಿ ತುಂಬಾ ಮುಖ್ಯ. ಪ್ಲಗ್ ತೆಗೆದು, ಆವಿಯನ್ನು ಹೊರಗೆ ಒಯ್ಯುವ ಹಿಂಬದಿಯ ಪೈಪು ಬಿಚ್ಚಿ, ಮತ್ತೆ ಪ್ಲಗ್ ಹಾಕಿ ಮಿಷನ್ನನ್ನು ಒಂದೆರಡು ನಿಮಿಷ ಓಡಿಸಿದರೆ ತಿಳಿಯುತ್ತದೆ. ಗಾಳಿ ರಭಸವಾಗಿ ಬಂದರೆ ಪೈಪು ಕಟ್ಟಿದೆ. ಬರದಿದ್ದರೆ ತೊಂದರೆ ಮಿಷನ್ನಿನ ಒಳಗೆ: ಫಿಲ್ಟರ್, ಇಲ್ಲವೇ ಗಾಳಿ ದೂಡುವ ಫ್ಯಾನು. ಸುಮ್ಮನೆ ‘ಬ್ಲಾಕ್ ಆಗಿದೆ’ ಎಂದರೆ ರಿಪೇರಿಯವರು ಬಿಸಿ ಮಿತಿಮೀರಿದಾಗ ಸುಟ್ಟ ಫ್ಯೂಸನ್ನಷ್ಟೇ ಬದಲಿಸಿ ಹೋಗುತ್ತಾರೆ. ಪೈಪು ಕಟ್ಟಿಯೇ ಇರುತ್ತದೆ, ಹೊಸ ಫ್ಯೂಸೂ ಸುಡುತ್ತದೆ.

ಪೈಪು ಪೈಪೇ ಆಗಿರಲಿ, ‘ನಾಳ’ ಬೇಡ. ಸಾಮಾನ್ಯವಾಗಿ 4 ಇಂಚಿನದು. ಮಡಿಚುವ ತೆಳು ಫಾಯಿಲ್ ಪೈಪು ಮಿಷನ್ನಿನ ಹಿಂದೆ ಗೋಡೆಗೆ ಒತ್ತಿ ಚಪ್ಪಟೆಯಾಗುತ್ತದೆ. ಅದರ ಮಡಿಕೆಗಳಲ್ಲಿ ಹೊಟ್ಟು ಕೂರುತ್ತದೆ. ಒಳಗೆ ನುಣುಪಾದ ಗಟ್ಟಿ ತಗಡಿನ ಪೈಪೇ ಒಳ್ಳೆಯದು. ತಿರುವುಗಳೂ ಕಡಿಮೆ ಇರಬೇಕು. ಅಮೆರಿಕದ ಮನೆ ಕಟ್ಟುವ ಮಾದರಿ ನಿಯಮದಲ್ಲಿ ಪೈಪಿನ ಉದ್ದ 35 ಅಡಿಗೆ ಸೀಮಿತ, ಸಾಮಾನ್ಯ 90 ಡಿಗ್ರಿ ತಿರುವು ಒಂದಕ್ಕೆ ಅದರಲ್ಲಿ 5 ಅಡಿ ಕಳೆಯಬೇಕು. ತಿರುವು ಗಾಳಿಯನ್ನು ಎಷ್ಟು ತಡೆಯುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಕಡೆಯದು, ಗೋಡೆಯ ಆಚೆ ಪೈಪು ತೆರೆಯುವ ಜಾಗ. ‘ಗವಾಕ್ಷಿ’, ‘ಗಾಳಿಕಿಂಡಿ’ ಎರಡೂ ಚಂದದ ಪದಗಳು. ಆದರೆ ಅವುಗಳಲ್ಲಿ ಗಾಳಿ ಒಳಗೂ ಬರುತ್ತದೆ. ಇಲ್ಲಿ ಹೊರಗೆ ಮಾತ್ರ ಹೋಗಬೇಕು. ನಾನು ‘ಹೊರಬಾಯಿ’ ಎಂದು ಬರೆದಿದ್ದೇನೆ. ಅದರ ಮುಚ್ಚಳ ಮಿಷನ್ ಓಡುವಾಗ ತೆರೆಯಬೇಕು, ನಿಂತಾಗ ಮುಚ್ಚಬೇಕು. ಹಕ್ಕಿ, ಕಣಜದ ಹುಳು ಅಲ್ಲಿ ಗೂಡು ಕಟ್ಟುತ್ತವೆ. ಹುಳು ಬರುತ್ತದೆಂದು ಸೊಳ್ಳೆ ಪರದೆಯ ಬಲೆ ಬಿಗಿದರೆ ಹೊಟ್ಟು ಬೇಗನೆ ಮೆತ್ತಿಕೊಂಡು ಬಾಯಿಯೇ ಮುಚ್ಚಿಹೋಗಬಹುದು. ಈ ಸಾಲನ್ನು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಹೊರಬಾಯಿ ಇಲ್ಲದ, ಆವಿಯನ್ನು ನೀರು ಮಾಡಿ ಡಬ್ಬಿಗೆ ತುಂಬುವ ಮಿಷನ್ನುಗಳೂ ಇವೆ. ಅವಕ್ಕೆ ಬೇರೆ ಹಾಳೆ ಬೇಕು.

‘ಬಟ್ಟೆ ಹೊಟ್ಟು’, ‘ಪೈಪು ಕಟ್ಟಿದೆ’, ‘ಹೊರಬಾಯಿ’. ಈ ಮೂರನ್ನು ನಿಮ್ಮ ಮನೆಯಲ್ಲಿ, ಅದರಲ್ಲೂ ಈ ಮಿಷನ್ ನೋಡಿರದ ಹಿರಿಯರ ಮುಂದೆ, ವಿವರಣೆ ಕೊಡದೆ ಒಮ್ಮೆ ಹೇಳಿ ನೋಡಿ. ಅವರು ಏನು ಅರ್ಥ ಮಾಡಿಕೊಂಡರು ಎಂದು ಬರೆಯಿರಿ. ಮುಂಗಾರಿಗೆ ಮೊದಲು ಹಾಳೆ ಅಚ್ಚು ಹಾಕಿಸಬೇಕು.