ವಿಕ್ಟೋರಿಯನ್ ಟೈಲ್ಸ್: ಒರೆಸಿದಷ್ಟೂ ಮತ್ತೆ ಬರುತ್ತಿರುವ ಬಿಳಿ ಪುಡಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಕೆಡವಿದ ಮನೆಗಳ ಸಾಮಾನು ಮಾರುವ ಯಾರ್ಡ್ ಒಂದರಿಂದ ಆರು ಎನ್‌ಕಾಸ್ಟಿಕ್ ಟೈಲ್ಸ್ (ಎರಡು ಬಣ್ಣದ ಮಣ್ಣಿನಿಂದಲೇ ಚಿತ್ರ ಮೂಡಿಸಿದವು) ತಂದೆ. ಆರಿಂಚು ಚೌಕ, ಹೆಚ್ಚುಕಡಿಮೆ ಒಂದಿಂಚು ದಪ್ಪ, ಕೆಂಪು ಮೈಮೇಲೆ ಕೆನೆಬಣ್ಣದ ಹೂಬಳ್ಳಿ. ಬೆನ್ನಿಗೆ ಸಿಮೆಂಟ್ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಇಟ್ಟಿಗೆ ತೊಳೆಯುವ ಆಸಿಡ್ ಹಾಕಿ ಬಿಡಿಸಿ, ನಲ್ಲಿ ನೀರಲ್ಲಿ ತೊಳೆದು, ಗೋಡೆಗೆ ಏರಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಎಲೆಗಳ ಮೇಲೆಲ್ಲ ಬೂಷ್ಟು ಬಂದ ಹಾಗೆ ಬಿಳಿ ಪುಡಿ. ಒರೆಸಿದರೆ ಹೋಗುತ್ತೆ, ಎರಡು ದಿನಕ್ಕೆ ಮತ್ತೆ ಬರುತ್ತೆ. ಒಂದು ಟೈಲ್‌ನಲ್ಲಂತೂ ಎಲೆಯ ಅಂಚು ಉಗುರು ತಾಗಿದರೇ ಉದುರುತ್ತಿದೆ. ಸೀಲರ್ ಹೊಡೆದರೆ ನಿಲ್ಲುತ್ತದೆಯೇ?

ಉತ್ತರ 1

ನಮ್ಮ ಹಜಾರದ ನೆಲಕ್ಕೆ ಅಗಸೆ ಎಣ್ಣೆ ಬಳಿದಿದ್ದೆ, ಬಣ್ಣ ಚೆನ್ನಾಗಿ ಎದ್ದು ಬಂತು. ಅದನ್ನೇ ಮಾಡಿ ನೋಡಿ.

ಉತ್ತರ 2

ದಯವಿಟ್ಟು ಸೀಲರೂ ಬೇಡ, ಎಣ್ಣೆಯೂ ಬೇಡ. ಅದು ಬೂಷ್ಟಲ್ಲ, ಉಪ್ಪು. ಆಸಿಡ್ ಸಿಮೆಂಟಿನ ಸುಣ್ಣವನ್ನು ಕರಗಿಸಿದಾಗ ಹುಟ್ಟಿದ ಉಪ್ಪನ್ನು ಒಣಗಿದ್ದ ಟೈಲ್ ಹೀರಿಕೊಂಡಿರುತ್ತದೆ. ಹಳೇ ನೆಲದ ತೇವದಿಂದ ಸೇರಿದ ಉಪ್ಪೂ ಒಳಗಿರಬಹುದು. ಈಗ ನೀರು ಆರುತ್ತಾ ಅದನ್ನು ಮೇಲಕ್ಕೆ ತರುತ್ತಿದೆ. ಮೇಲ್ಮೈ ಮುಚ್ಚಿಬಿಟ್ಟರೆ ಉಪ್ಪು ಒಳಗೇ ಹರಳುಗಟ್ಟಿ ಪದರವನ್ನೇ ಎಬ್ಬಿಸುತ್ತದೆ.

ಈ ಟೈಲ್ಸ್‌ನ ಚಿತ್ರ ಬಳಿದ ಬಣ್ಣವಲ್ಲ. ಅಚ್ಚಿನಲ್ಲಿ ಒಂದು ಬಣ್ಣದ ಜೇಡಿಮಣ್ಣು ಒತ್ತಿ, ಮೂಡಿದ ತಗ್ಗಿಗೆ ಇನ್ನೊಂದು ಬಣ್ಣದ ತಿಳಿಮಣ್ಣು ಸುರಿದು, ಆರಿದ ಮೇಲೆ ಮೇಲ್ಮೈ ಸಮನಾಗಿ ಹೆರೆದು ಸುಡುತ್ತಿದ್ದರು. ಸ್ಯಾಮ್ಯುಯೆಲ್ ರೈಟ್ 1830ರಲ್ಲಿ ಪೇಟೆಂಟ್ ಪಡೆದ ವಿಧಾನವಿದು, ಪಿಂಗಾಣಿ ತಯಾರಕ ಹರ್ಬರ್ಟ್ ಮಿಂಟನ್ ಅದನ್ನು ಬೆಳೆಸಿದರು. ತಲೆಮಾರುಗಟ್ಟಲೆ ಬೂಟು ತುಳಿದರೂ ಹೂವು ಅಳಿಯದೆ ಉಳಿದದ್ದು ಅದಕ್ಕೇ. ಒಂದೊಂದು ಹನಿ ನೀರನ್ನು ಕೆಂಪಿನ ಮೇಲೂ ಕೆನೆಬಣ್ಣದ ಮೇಲೂ ಇಟ್ಟು ನೋಡಿ, ಎರಡೂ ಮಣ್ಣು ಒಂದೇ ಥರ ಹೀರುವುದಿಲ್ಲ.

ಉದುರುತ್ತಿರುವ ಟೈಲನ್ನು ನೀರಿಗೆ ಇಳಿಸಲೇಬೇಡಿ. ಒರೆಸುವುದನ್ನೂ ನಿಲ್ಲಿಸಿ, ಹತ್ತಿಬಟ್ಟೆಯ ಮೇಲೆ ಮಲಗಿಸಿಟ್ಟು ಪಿಂಗಾಣಿ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ. ಉಳಿದ ಐದನ್ನು ಪ್ಲಾಸ್ಟಿಕ್ ಟಬ್‌ನಲ್ಲಿ ಡಿಸ್ಟಿಲ್ಡ್ ವಾಟರ್ ತುಂಬಿ ನೆನೆಹಾಕಿ. ನಲ್ಲಿ ನೀರು ಬೇಡ, ಅದರಲ್ಲೇ ಲವಣ ಇರುತ್ತೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಚೆಲ್ಲುವ ಮೊದಲು ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಸಾಧನ) ಅದ್ದಿ ಅಂಕಿ ಬರೆದಿಡಿ. ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಂತರೆ ಸಾಕು. ಆಮೇಲೆ ಮರದ ಪಟ್ಟಿಗಳ ಮೇಲೆ ಅಂಚಿಗೆ ನಿಲ್ಲಿಸಿ ವಾರಗಟ್ಟಲೆ ಆರಲು ಬಿಡಿ, ಹೀಟರ್ ಹತ್ತಿರ ಮಾತ್ರ ಇಡಬೇಡಿ.

ಪ್ರಶ್ನೆ ಕೇಳಿದವರು

ಮೊದಲ ನೀರಿಗೇ ಮೀಟರ್ 310 ತೋರಿಸಿತು! ಎಂಟನೇ ಸಲ 12, ಒಂಬತ್ತನೇ ಸಲವೂ 12. ಆರಿ ಐದು ವಾರವಾಯ್ತು, ಪುಡಿ ಬಂದಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಈಗ ಬೆನ್ನ ಮೇಲೆ 'ಮಾ ಅಂಡ್ ಕೋ, ಬೆಂಥಾಲ್ ವರ್ಕ್ಸ್' ಅನ್ನುವ ಉಬ್ಬಕ್ಷರ ಕಾಣಿಸುತ್ತಿದೆ. ಆ ಟೈಲ್ಸ್ ಕಂಪನಿ ಬೆಂಥಾಲ್ ಬಿಟ್ಟು ಜ್ಯಾಕ್‌ಫೀಲ್ಡ್ ಊರಿಗೆ ಹೋಗುವ ಮುಂಚಿನದು ಅಂದುಕೊಳ್ಳಬಹುದೇ? ತಟ್ಟೆ ನೇತುಹಾಕುವ ಸ್ಪ್ರಿಂಗ್ ತಂತಿಯಲ್ಲೇ ಮತ್ತೆ ಏರಿಸಲೇ?

ಉತ್ತರ 2

ಬಹಳ ಸಂತೋಷ. ಹೆಸರೊಂದನ್ನೇ ನೋಡಿ ಕಾಲ ಹೇಳಲಾಗದು. ಮಾ ಕಂಪನಿ 1852ರಲ್ಲಿ ಬೆಂಥಾಲ್‌ಗೆ ಬಂತು, 1883ರಲ್ಲಿ ಜ್ಯಾಕ್‌ಫೀಲ್ಡ್‌ನಲ್ಲಿ ದೊಡ್ಡ ಕಾರ್ಖಾನೆ ತೆರೆದಾಗ ಅದೇ ಹೆಸರನ್ನು ಅಲ್ಲಿಗೂ ಒಯ್ದಿತು. ಜ್ಯಾಕ್‌ಫೀಲ್ಡ್ ಟೈಲ್ ಮ್ಯೂಸಿಯಂ ನಿಮಗೆ ದೂರವೇನಲ್ಲ, ಕ್ರೇವನ್ ಡನಿಲ್ ಅನ್ನುವ ಇನ್ನೊಂದು ಟೈಲ್ಸ್ ಕಂಪನಿಯ ಹಳೇ ಕಾರ್ಖಾನೆಯಲ್ಲೇ ಇದೆ. ಒಮ್ಮೆ ಹೋಗಿ ವಿನ್ಯಾಸ ಹೋಲಿಸಿ ನೋಡಿ.

ಸ್ಪ್ರಿಂಗ್ ತಂತಿ ಬೇಡ. ಇಷ್ಟು ದಪ್ಪದ್ದು ಒಂದೊಂದೂ ಒಂದು ಕೆಜಿಗಿಂತ ಹೆಚ್ಚು ತೂಗುತ್ತದೆ, ಕೊಕ್ಕೆ ಕಚ್ಚಿದ ಕಡೆ ಅಂಚು ಚಕ್ಕೆ ಏಳುತ್ತದೆ. ಅಂಟು ಹಾಕಿದರೆ ಮತ್ತೆ ಬಿಡಿಸುವುದು ಕಷ್ಟ, ಉಬ್ಬಕ್ಷರವೂ ಮುಚ್ಚಿಹೋಗುತ್ತದೆ. ಗೋಡೆಗೆ ಮರದ ಕಿರು ಹಲಗೆ ಸ್ಕ್ರೂ ಮಾಡಿ, ಜಾರದಂತೆ ಮುಂದೆ ಸಣ್ಣ ಅಂಚುಪಟ್ಟಿ ಕೊಟ್ಟು, ಫೆಲ್ಟ್ ಹಾಸಿ ಸ್ವಲ್ಪ ಹಿಂದಕ್ಕೆ ಒರಗಿಸಿಡಿ. ಬಂದವರಿಗೆ ಕೈಗೆತ್ತಿ ಬೆನ್ನು ತಿರುಗಿಸಿ ತೋರಿಸಬಹುದು.