ಜರ್ಮನಿಯ ಸ್ನೇಹಿತರಿಗೆ ಮೈಸೂರಿನಿಂದ ಏನು ಒಯ್ಯಲಿ? ಅನುಭವ ಇರುವವರು ಹೇಳಿ

ಗೋಕುಲಂ ಮಹಡಿಮನೆ
ನವೆಂಬರ್ ಮೊದಲ ವಾರ ನಾನು, ನಮ್ಮ ಯಜಮಾನರು ಜರ್ಮನಿಗೆ ಹೊರಟಿದ್ದೇವೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದು ಯೋಗ ಕಲಿತು ಹೋದ ಗಂಡ ಹೆಂಡತಿ ಕರೆದಿದ್ದಾರೆ. ಅವರ ಮನೆಯಲ್ಲಿ ಒಂದು ವಾರ, ಆಮೇಲೆ ನನ್ನ ಜೊತೆ ಮಹಾರಾಣಿ ಕಾಲೇಜಿನಲ್ಲಿ ಓದಿದ ಗೆಳತಿ ಮನೆಯಲ್ಲಿ ನಾಲ್ಕು ದಿನ. ನಮ್ಮ ಬಟ್ಟೆಬರೆ ತುಂಬಿ ಇನ್ನೂ 9 ಕೆಜಿ ಒಯ್ಯಬಹುದು. ಖರ್ಚು 6,000 ದಾಟಬಾರದು. ಆ ದಂಪತಿ ಹಾಲು, ತುಪ್ಪ, ಜೇನು ಏನೂ ಮುಟ್ಟುವುದಿಲ್ಲ. ಹುಳು ಸಾಯುತ್ತೆ ಅಂತ ರೇಷ್ಮೆಯೂ ಬೇಡವಂತೆ. ಹಾಗಾಗಿ ಮೈಸೂರು ಪಾಕ್, ರೇಷ್ಮೆ ಸೀರೆ ಬಿಟ್ಟು ಏನಾದರೂ ಹೇಳಿ.

ಸರಸ್ವತಿಪುರಂ ಟೀಚರ್
ಮೈಸೂರಿನಿಂದ ಹೋಗುವವರು ಮೈಸೂರು ಪಾಕ್ ಒಯ್ಯದಿದ್ದರೆ ಹೇಗಮ್ಮಾ? ಅರಮನೆ ಅಡುಗೆಮನೆಯಲ್ಲಿ ಹುಟ್ಟಿದ ತಿಂಡಿ.

ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ಮೆಲ್ಬರ್ನ್‌ನ ಗೆಳತಿ ಮನೆಗೆ ಹೋದೆ. ಅಂಗಡಿಯದು ಬೇಡ, ನಾನೇ ಮಾಡುತ್ತೇನೆ ಅಂತ ಹಠ ಹಿಡಿದೆ. ಮೊದಲ ಪಾಕ ಗಟ್ಟಿಯಾಗಿ ಇಟ್ಟಿಗೆ ಆಯಿತು, ಕೆಲಸದವಳೂ ಬೇಡ ಅಂದಳು. ಎರಡನೇ ಸಲ ಸರಿ ಬಂತು, ಒಳಗೆ ಕೆಂಪಗೆ ಗೂಡುಗೂಡಾಗಿ. ತುಪ್ಪಕ್ಕೇ 1,350 ರೂಪಾಯಿ. ಗ್ಯಾಸು, ಕಡಲೆಹಿಟ್ಟು, ನನ್ನ ಸೊಂಟ ನೋವು ಬೇರೆ. ಡಬ್ಬಿಯಲ್ಲಿ ಜಾಗ ಉಳೀತು ಅಂತ ಮೇಲೆ ಒಂದು ಸಾಲು ಪೇಡ ಇಟ್ಟೆ. ಅದೇ ನಾನು ಮಾಡಿದ ತಪ್ಪು.

ಆಸ್ಟ್ರೇಲಿಯಾದಲ್ಲಿ ತಿನ್ನುವ ವಸ್ತು ಏನಿದ್ದರೂ ಕಾರ್ಡಿನಲ್ಲಿ ಬರೆಯಬೇಕು. ಬರೆದೆ. ಏರ್‌ಪೋರ್ಟಿನಲ್ಲಿ ತಪಾಸಣೆ ಮಾಡುವ ಹುಡುಗಿ ಮುಚ್ಚಳ ತೆಗೆದಳು. ಪೇಡ ಕರಗಿ ಪಾಕಿಗೆಲ್ಲ ಮೆತ್ತಿಕೊಂಡಿತ್ತು. ಹಾಲಿನದು ಬಿಡುವ ಹಾಗಿಲ್ಲ ಅಂತ ಡಬ್ಬಿ ಸಮೇತ ಕಸದ ಬುಟ್ಟಿಗೆ ಹಾಕಿಬಿಟ್ಟಳು. ಸ್ಟೀಲ್ ಡಬ್ಬಿ ನಮ್ಮತ್ತೆಯದು, ಮೇಲೆ ಅವರ ಹೆಸರು ಕೊರೆಸಿತ್ತು. ಡಬ್ಬಿಯಾದರೂ ಕೊಡು ಅಂತ ಕೇಳಲು ನಾಚಿಕೆ ಆಯಿತು. ಈಗಲೂ ಆ ಡಬ್ಬಿ ನೆನಪಾಗುತ್ತೆ.

ಆದರೂ ನೀವು ಒಯ್ಯಿರಿ. ಪೇಡ ಮಾತ್ರ ಇಡಬೇಡಿ.

ಗೋಕುಲಂ ಮಹಡಿಮನೆ
ಮೇಡಂ, ತುಪ್ಪ ಮುಟ್ಟುವುದಿಲ್ಲ ಅಂತ ಬರೆದಿದ್ದೆ 🙏

ವಿಜಯನಗರ ಎರಡನೇ ಹಂತ
ಸೀರೆ ಬೇಡ ಅಂದಿರಲ್ಲ, ಒಳ್ಳೆಯದೇ ಆಯಿತು. ನನಗೆ ಆಗಿದ್ದು ಶತ್ರುವಿಗೂ ಬೇಡ.

ನನ್ನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ ಅಮೆರಿಕದವಳು. ಅವಳ ಮದುವೆಗೆ ಅಂತ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೇ ಹೋದೆ. 1912ರಿಂದ ಇರುವ ಕಾರ್ಖಾನೆ, ಅಸಲಿ ಜರಿ, ಸೀರೆ ಸೀರೆಗೂ ಬೇರೆ ನಂಬರ್. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಂತು ತಂದದ್ದು, 23,400 ರೂಪಾಯಿ. ಫಾಲ್ಸ್ ಹೊಲಿಸಿ, ರವಿಕೆ ಅಳತೆ ಫೋಟೋದಲ್ಲೇ ತರಿಸಿಕೊಂಡು ಹೊಲಿಸಿದೆ, ಅದಕ್ಕೆ 900. ಕೊರಿಯರ್‌ಗೆ 3,150.

ಆರು ತಿಂಗಳಾದ ಮೇಲೆ ವಿಡಿಯೋ ಕಾಲ್ ಮಾಡಿದೆ. ಅವಳ ಹಿಂದೆ ಕಿಟಕಿಗೆ ಹಸಿರು ಪರದೆ. ಜರಿ ಅಂಚು ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ. ಅವಳೇ ಖುಷಿಯಿಂದ ಫೋನು ಹತ್ತಿರ ಹಿಡಿದು ತೋರಿಸಿದಳು, "ನೋಡು, ಎಷ್ಟು ಚೆನ್ನಾಗಿ ಬೆಳಕು ಬರುತ್ತೆ" ಅಂತ. ಕೆಳಗಿನ ಮೂಲೆಯಲ್ಲಿ ಕಸೂತಿ ಹಾಕಿದ ನಂಬರ್. ನಾನು ಕಟ್ಟಿಸಿದ ಕುಚ್ಚು ನೆಲ ಗುಡಿಸುತ್ತಿತ್ತು. ಆಮೇಲೆ ಏನು ಮಾತಾಡಿದೆನೋ ನೆನಪಿಲ್ಲ.

ಚಾಮುಂಡಿಪುರಂ ಕಾರ್ನರ್
ಕೊಟ್ಟ ಮೇಲೆ ಅದು ಅವಳ ಬಟ್ಟೆ. ಪರದೆ ಮಾಡಲಿ, ಹೊದಿಕೆ ಮಾಡಲಿ. ದಿನಾ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿದ್ದಾಳೆ ತಾನೇ? ನಾವು ಬೀರುವಿನಲ್ಲಿಟ್ಟು ಮಡಿಕೆಯಲ್ಲೇ ಹರಿಯಲು ಬಿಡುತ್ತೇವೆ.

ವಿಜಯನಗರ ಎರಡನೇ ಹಂತ
23,400 ನಿಮ್ಮ ಜೇಬಿನಿಂದ ಹೋಗಿದ್ದರೆ ಈ ಮಾತು ಬರುತ್ತಿರಲಿಲ್ಲ.

ಚಾಮುಂಡಿಪುರಂ ಕಾರ್ನರ್
ನನ್ನ ಜೇಬಿಂದ ಹೋಗಿದ್ದರೆ ಮೊದಲು ಅವಳು ಸೀರೆ ಉಡುತ್ತಾಳಾ ಅಂತ ಕೇಳುತ್ತಿದ್ದೆ.

ಮದ್ದೂರು ಸೀಮೆಯವ್ನು
ಮೈಸೂರಿನವರಿಗೆ ಪಾಕು, ಸೀರೆ, ಸೋಪು ಬಿಟ್ಟು ಪ್ರಪಂಚ ಇಲ್ಲ. ನಾನು ಒಯ್ದಿದ್ದು ನಮ್ಮ ಮಂಡ್ಯದ ಬೆಲ್ಲ. ಆಲೆಮನೆಯಲ್ಲಿ ಎದುರಿಗೇ ನಿಂತು, ಅಚ್ಚು ಹಾಕಿಸಿ, ಐದು ಕೆಜಿ. ಸಿಂಗಪುರದ ಸ್ನೇಹಿತನಿಗೆ.

ಕಷ್ಟ ಆಗಲಿಲ್ಲ ಅಂತ ಹೇಳಲ್ಲ. ಪ್ಲಾಸ್ಟಿಕ್ ಬೇಡ ಅಂತ ಪೇಪರ್‌ನಲ್ಲಿ ಸುತ್ತಿದ್ದೆ. ಆ ಊರಿನ ಸೆಕೆಗೆ ಬೆಲ್ಲ ಬೆವರಿತು. ಬಿಚ್ಚಿದರೆ ಪೇಪರ್ ಅಂಟಿಕೊಂಡು, ಅಕ್ಷರ ಎಲ್ಲ ತಿರುಗಾಮುರುಗಾ ಬೆಲ್ಲದ ಮೇಲೆ. ಒಂದು ಅಚ್ಚಿನ ಮೇಲೆ ಮಂಡ್ಯ ಮಾರುಕಟ್ಟೆಯ ಬೆಲ್ಲದ ದರ. ಕುರಿಕಾಲು ಅಚ್ಚಿಗೆ ಎಷ್ಟು, ಬಕೆಟ್ ಬೆಲ್ಲಕ್ಕೆ ಎಷ್ಟು, ಕನ್ನಡಿಯಲ್ಲಿ ಹಿಡಿದು ಓದಿದೆವು. ಅವನು ಆ ಅಚ್ಚನ್ನು ಇನ್ನೂ ತಿಂದಿಲ್ಲ, ಫ್ರಿಜ್‌ನಲ್ಲಿ ಇಟ್ಟಿದ್ದಾನೆ. ನಿಮ್ಮ ಸೀರೆ ಪರದೆ ಆಯ್ತು, ನಮ್ಮ ಬೆಲ್ಲ ಫ್ರಿಜ್‌ನಲ್ಲಿದೆ, ಯಾವುದು ಮೇಲು?

ಮದ್ದೂರು ವಡೆ ಮಾತ್ರ ದೂರಕ್ಕೆ ಬೇಡ. ಈರುಳ್ಳಿ ಇರುತ್ತೆ, ಎರಡನೇ ದಿನಕ್ಕೆ ಮೆತ್ತಗಾಗುತ್ತೆ.

ಸರಸ್ವತಿಪುರಂ ಟೀಚರ್
ಬೆಲ್ಲ ಒಯ್ಯುವುದಾದರೆ ಒಳ್ಳೆ ಬಂಗಾರದ ಬಣ್ಣದ್ದು ನೋಡಿ ತಗೊಳ್ಳಿ. ಕಪ್ಪು ಬೆಲ್ಲ ಕೊಟ್ಟರೆ ಕೊಳಕು ಅಂದುಕೊಳ್ಳುತ್ತಾರೆ. ಮದ್ದೂರು ವಡೆ ಹೇಗಿದ್ದರೂ ರೈಲಿನಲ್ಲಿ ತಿನ್ನುವ ತಿಂಡಿ, ಅದನ್ನು ಯಾರು ಒಯ್ಯುತ್ತಾರೆ?

ಮದ್ದೂರು ಸೀಮೆಯವ್ನು
ಮೇಡಂ, ನೀವು ಪಾಠ ಯಾವುದು ಮಾಡುತ್ತಿದ್ರೋ ಗೊತ್ತಿಲ್ಲ, ಬೆಲ್ಲದ ಪಾಠ ನನಗೆ ಬಿಡಿ. ಬಣ್ಣ ತೆಗೆಯಲು ಹೈಡ್ರೋಸ್ ಪುಡಿ ಸುರೀತಾರೆ. ಹಾಲು ಬಿಳಿ ಮಾಡಿ, ಹಳದಿ ಮಾಡಿ ನಿಮಗೆ ಮಾರುತ್ತಾರೆ. ನೀವು ಬಂಗಾರ ಬಂಗಾರ ಅಂತ ಕೊಳ್ಳುತ್ತೀರಿ. ಅದಕ್ಕೇ ರೈತನೂ ಹಾಕುತ್ತಾನೆ, ಕಪ್ಪಿದ್ದರೆ ದರ ಬೀಳುತ್ತೆ. ಸುಣ್ಣ ಹಾಕಿ, ಬೆಂಡೆಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆದರೆ ಬೆಲ್ಲ ಕಂದು ಬಣ್ಣಕ್ಕೇ ಬರೋದು.

ವಡೆ ವಿಷಯಕ್ಕೆ ಬರಬೇಡಿ.

ಪಾಂಡವಪುರ ಟು ದುಬೈ
ಅಣ್ಣಂದಿರಾ ಅಕ್ಕಂದಿರಾ, ಜಗಳ ಆಮೇಲೆ ಆಡಿ. ದುಬೈ ಕಡೆಗೆ ಯಾರಾದರೂ ಬಂದರೆ ಗಸಗಸೆ ತರಬೇಡಿ. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲು. ನಮ್ಮತ್ತೆ ಪಾಯಸಕ್ಕೆ ಅಂತ ಕಾಲು ಕೆಜಿ ಪೊಟ್ಟಣವನ್ನು ನನ್ನ ಶರ್ಟ್ ಮಡಿಕೆಯಲ್ಲಿ ಇಟ್ಟಿದ್ದರು. ಬೆಂಗಳೂರಿನಲ್ಲೇ ತೂಕ ಜಾಸ್ತಿ ಆಗಿ ಪೆಟ್ಟಿಗೆ ಬಿಚ್ಚಿದೆ, ಆವಾಗ ಸಿಕ್ಕಿತು. ಆ ಎರಡು ಕೆಜಿ ಜಾಸ್ತಿ ತೂಕವೇ ನನ್ನನ್ನು ಕಾಪಾಡಿದ್ದು. ಅತ್ತೆಗೆ ಇನ್ನೂ ಕೋಪ, ನಾನು ಕಸಕ್ಕೆ ಹಾಕಿದೆ ಅಂತ.

ಕರ್ಪೂರ, ಒಣ ಕೊಬ್ಬರಿ ಗಿಟುಕು ಕೂಡ ವಿಮಾನಕ್ಕೆ ಬಿಡುವುದಿಲ್ಲ, ಎರಡಕ್ಕೂ ಬೆಂಕಿ ಬೇಗ ಹತ್ತುತ್ತೆ.

ಕುವೆಂಪುನಗರ ಅಪ್ಪ
ಜರ್ಮನಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಒಯ್ಯಲಿಲ್ಲ, ಕಳಿಸಿದೆ. ಸ್ನೇಹಿತನ ಮಗುವಿಗೆ ಚನ್ನಪಟ್ಟಣದ ಗೊಂಬೆ. ಆಲೆ ಮರದ್ದು, ಅರಗಿನ ಬಣ್ಣ, ಮಗು ಬಾಯಿಗಿಟ್ಟರೂ ಪರವಾಗಿಲ್ಲ. ಗೊಂಬೆಗಳಿಗೆ 2,800, ಕೊರಿಯರ್ 4,260. ಫಾರಂನಲ್ಲಿ ಬೆಲೆ ಬರೆಯುವಾಗ, ಅಗ್ಗದ್ದು ಕಳಿಸಿದ್ದಾನೆ ಅಂದುಕೊಳ್ಳದಿರಲಿ ಅಂತ 9,500 ಅಂತ ಬರೆದೆ. ಸುಮ್ನೆ ದೊಡ್ಡಸ್ತಿಕೆ.

ಅಲ್ಲಿ ಪೋಸ್ಟಿನಲ್ಲಿ ಬರುವ ಉಡುಗೊರೆಗೆ 45 ಯೂರೋವರೆಗೆ ಮಾತ್ರ ತೆರಿಗೆ ಇಲ್ಲ. ಈಗಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರದ ಆಸುಪಾಸು. ನಿಜವಾದ ಬೆಲೆ ಬರೆದಿದ್ದರೆ ಸಲೀಸಾಗಿ ಹೋಗುತ್ತಿತ್ತು. ಪಾಪ ಅವನು ರಜೆ ಹಾಕಿ ಕಸ್ಟಮ್ಸ್ ಕಚೇರಿಗೆ ಹೋಗಿ, ಅಧಿಕಾರಿ ಎದುರು ಬಿಚ್ಚಿ ತೋರಿಸಿ, ಹದಿನಾರು ಯೂರೋ ಚಿಲ್ಲರೆ ಕಟ್ಟಿ ಬಿಡಿಸಿಕೊಂಡ. ನನಗೆ ಒಂದು ಮಾತು ಹೇಳಲಿಲ್ಲ. ಅವನ ಹೆಂಡತಿ ಹೇಳಿದಳು, ಒಂದು ವರ್ಷ ಆದ ಮೇಲೆ.

ಕೈಯಲ್ಲಿ ಒಯ್ದರೆ ಒಬ್ಬರಿಗೆ 430 ಯೂರೋವರೆಗೆ ರಗಳೆ ಇಲ್ಲ. ತುಪ್ಪದ ಡಬ್ಬಿ ಮಾತ್ರ ಬೇಡ, ಯುರೋಪಿನೊಳಗೆ ಹೊರಗಿನ ಹಾಲಿನ ಪದಾರ್ಥ ಬಿಡುವುದಿಲ್ಲ.

ಹೆಬ್ಬಾಳ್ ಔಟರ್ ರಿಂಗ್
ಅಗರಬತ್ತಿಯನ್ನು ತಿಂಡಿ ಜೊತೆ ಇಡಬೇಡಿ ಪ್ಲೀಸ್. ನಾನು ಹನ್ನೆರಡು ಪ್ಯಾಕೆಟ್ ಅಗರಬತ್ತಿ, ಪಕ್ಕದಲ್ಲೇ ಅಮ್ಮ ಮಾಡಿದ ಚಟ್ನಿಪುಡಿ ಇಟ್ಟೆ. ಲಂಡನ್‌ನಲ್ಲಿ ಸ್ನೇಹಿತ ಇಡ್ಲಿಗೆ ಹಾಕಿಕೊಂಡ. ದೇವಸ್ಥಾನದಲ್ಲಿ ಕೂತು ತಿಂದ ಹಾಗಿದೆ ಅಂದ. ಇನ್ನು ಅಗರಬತ್ತಿ ಹಚ್ಚಿದ್ದಕ್ಕೆ ಹೊಗೆ ಅಲಾರಂ ಹೊಡೆದು ಪಕ್ಕದ ಮನೆಯವರೆಲ್ಲ ಮೆಟ್ಟಿಲಿಳಿದರು. ನಂಜನಗೂಡು ಹಲ್ಲುಪುಡಿ ಒಂದೇ ಏನೂ ಗಲಾಟೆ ಮಾಡದೆ ಖರ್ಚಾಗಿದ್ದು. ಅದನ್ನೇ ಇನ್ನೂ ಕಳಿಸು ಅಂತಾನೆ.

ಗೋಕುಲಂ ಮಹಡಿಮನೆ
ಹಲ್ಲುಪುಡಿ! ಅವರು ಇಲ್ಲಿದ್ದಾಗ ದಿನಾ ಅದರಲ್ಲೇ ಉಜ್ಜುತ್ತಿದ್ದರು, ಬಚ್ಚಲಿನ ಬೇಸಿನ್ ಎಲ್ಲ ಗುಲಾಬಿ ಬಣ್ಣ. ನನಗೆ ಹೊಳೆಯಲೇ ಇಲ್ಲ. ಜೊತೆಗೆ ಬೆಲ್ಲ ಎರಡು ಕೆಜಿ. ಮದ್ದೂರಿನ ಅಣ್ಣ, ಕಪ್ಪು ಬೆಲ್ಲ ಎಲ್ಲಿ ಸಿಗುತ್ತೆ?

ವಿಜಯನಗರ ಎರಡನೇ ಹಂತ
ಗೆಳತಿಗಾದರೂ ಸೀರೆ ಒಯ್ಯಿರಿ, ಅವಳು ನಮ್ಮವಳು. ಮೊದಲು ಅವಳ ಮನೆಗೆ ಎಷ್ಟು ಕಿಟಕಿ ಇದೆ ಅಂತ ಕೇಳಿ.

ಚಾಮುಂಡಿಪುರಂ ಕಾರ್ನರ್
ಇನ್ನೂ ಬಿಟ್ಟಿಲ್ಲವಾ ನೀವು?

ಮದ್ದೂರು ಸೀಮೆಯವ್ನು
ಅಕ್ಕ, ಅಂಗಡಿಯಲ್ಲಿ ತಗೋಬೇಡಿ. ನಮ್ಮ ಮಾವನ ಆಲೆಮನೆ ಇದೆ, ಭಾನುವಾರ ಗಾಣ ಆಡುತ್ತೆ. ಹತ್ತು ಗಂಟೆ ಒಳಗೆ ಬನ್ನಿ, ಕೊಪ್ಪರಿಗೆ ಇಳಿಸುವ ಹೊತ್ತಿಗೆ ಬಿಸಿ ಬೆಲ್ಲ ತಿನ್ನಬಹುದು. ಟೀಚರ್ ಮೇಡಂನೂ ಕರ್ಕೊಂಡು ಬನ್ನಿ, ಬಣ್ಣ ನೋಡಲಿ. ಗೇಟ್ ಹತ್ತಿರ ನಾಯಿ ಇದೆ, ಕಾರಿಂದ ಇಳೀಬೇಡಿ, ಹಾರ್ನ್ ಹೊಡೀರಿ.

ಸರಸ್ವತಿಪುರಂ ಟೀಚರ್
ಬರುತ್ತೇನೆ. ವಡೆ ತರಿಸಿಡಿ.